ಕಾಡಿನ್ಯಾಗ ಒಗ್ಗರಣಿ ಹಾಕಬಾರದು

ಫೌಜಿನಿಂದ ಮನಷಾ ರಿಟೈರ್ ಆಗ್ತಾನ, ಅಂವನ ಫಜೀತಿ ರಿಟೈರ್ ಆಗಂಗಿಲ್ಲ. ನಗೋ ಪ್ರಸಂಗ ನಮ್ಮನ್ನ ಹುಡಿಕ್ಕೊಂಡು ಬರ್ತಾವ. ಅಳೋ ಮನಿಗೂ ಬರ್ತಾವ, ಚಪ್ಪಲಿ ಸುದ್ದಾ ಬಿಡಲಾರದ ಒಳಗ ಬರ್ತಾವ.

ನಾ ಫೌಜಿನ್ಯಾಗ ಅಡಗಿ ಮಾಡಾಂವ. ಬಂದೂಕು ಹಿಡದೇನಿ, ಇಲ್ಲಂತಲ್ಲ, ಆದ್ರ ಸೌಟು ಹಿಡಿದದ್ದ ಜಾಸ್ತಿ. ನನ್ನ ಗೆಣೆಯಾ ಒಬ್ಬ ಮಿಸ್ತ್ರಿ. ಕಾಡಿನ್ಯಾಗ ವೈರ್‌ಲೆಸ್ ಪೆಟ್ಟಿಗಿ ಬೆನ್ನಿಗೆ ಕಟ್ಕೊಂಡು ತಿರಗಿದಾಂವ, ಈಗ ಗೋಕುಲ ರೋಡಿನ್ಯಾಗ ಅಂವನ ಮಕ್ಕಳು ಪಂಪು ರಿಪೇರಿ ಅಂಗಡಿ ನಡಸ್ತಾರ. ಮೂರನೇದಾವರು ನಮ್ಮ ಸುಬೇದಾರ್ರು, ಧಾರವಾಡದ ಮಾಳಮಡ್ಡಿಯವರು. ನಮ್ಮ ಟೋಳಿಗೆ ಅವ್ರ ಯಜಮಾನ್ರು. ನಗೂದು ಅಂದ್ರ ಗೊತ್ತಿಲ್ಲದ ಮನಷಾ. ನಾನೂ ಮಿಸ್ತ್ರಿನೂ ಇನ್ನೂ ಮುಂಜಾನೆ ಕೆಲಗೇರಿ ಕೆರಿ ದಂಡಿಗೆ ಹೋಗಿ ಕುಂದರ್ತೇವಿ. ನಡುವ ಒಬ್ಬರ ಜಾಗಾ ಖಾಲಿ ಬಿಟ್ಟು ಕುಂದರ್ತೇವಿ.

ಮೊನ್ನೆ ಅಲ್ಲಿ ಮಿಸ್ತ್ರಿ ತನ್ನ ಮೊಬೈಲಿನ್ಯಾಗ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಮುದುಕ ಸಿಪಾಯಿಗಳು ಎದಿ ಮ್ಯಾಲ ಪದಕ ಹಚ್ಕೊಂಡು ಕುಂತು, ಹರೇದಾಗ ಬೋರ್ನಿಯೋ ಕಡೆ ಕಾಡಿನ್ಯಾಗ ಇಬಾನ್ ಅನ್ನೋ ಜನರ ಕೂಡ ತಿರಗಿದ್ದು ಹೇಳಾಕತ್ತಿದ್ರು. ಆ ಇಬಾನ್ ಜನ ಮುರದ ಕಡ್ಡಿ ನೋಡಿ, ಒತ್ತಿದ ಮಣ್ಣು ನೋಡಿ ಯಾರು ಯಾವ ಕಡೆ ಹೋದ್ರು ಅಂತ ಹೇಳ್ತಿದ್ರಂತ. ಅವರ ಇಂಗ್ಲಿಷು ನಮಗ ಅರ್ಧಾ ತಿಳೀತು, ನಗು ಪೂರಾ ತಿಳೀತು. ಕಡಿಗೆ ಒಬ್ಬ ಮುದುಕ ನಕ್ಕೋತ ನಕ್ಕೋತ ಕನ್ನಡಕ ತಗದು ಕಣ್ಣು ಒರಸ್ಕೊಂಡ.

"ಇವಗೂ ಒಬ್ಬ ಸುಬೇದಾರ ಇದ್ದಿರಬೇಕು," ಅಂದ ಮಿಸ್ತ್ರಿ.

ಅದಕ್ಕ ಇದನ್ನೆಲ್ಲಾ ಹೇಳಾಕತ್ತೇನಿ.

ಇಂಗಿನ ಸಮಾಧಿ

ಬರ್ಮಾ ಗಡಿ ಕಡೆ ಗುಡ್ಡದಾಗ ನಮ್ಮ ಪೋಸ್ಟು. ಬಿದಿರ ಮೆಳಿ, ಮಳಿ, ಕಾಲಿಗೆ ಹತ್ತೋ ಜಿಗಣಿ. ಒಂದು ಪಾತೇಲಿ ನೆಟ್ಟಗ ಇಡಾಕ ಸಪಾಟು ನೆಲಾ ಸಿಗ್ತಿದ್ದಿಲ್ಲ. ನಮಗ ದಾರಿ ತೋರಿಸಾಕ ಅಲ್ಲಿಯಾವನ ಒಬ್ಬ ಇದ್ದ. ಜಾಡು ಹಿಡಿಯೋರಿಗೆ ಫೌಜಿನ್ಯಾಗ ಖೋಜಿ ಅಂತಿದ್ವಿ. ಸಣ್ಣ ಆಳು, ಹೆಗಲ ಮ್ಯಾಲ ಯಾವಾಗ್ಲೂ ಒಂದು ಕೆಂಪು ಶಾಲು. ಅಂವನ ಭಾಷಾ ನಮಗ ಬರ್ತಿದ್ದಿಲ್ಲ, ನಮ್ಮದು ಅಂವಗ ಬರ್ತಿದ್ದಿಲ್ಲ. ನಡುವ ಹರಕು ಮುರಕು ಹಿಂದಿ, ಉಳದದ್ದು ಕೈಸನ್ನಿ.

ಮೊದಲನೇ ಸಲ ಕಾಡಿಗೆ ಹೊಂಟಾಗ ಅಂವ ಎಲ್ಲಾರ ಗಂಟು ಬಿಚ್ಚಿಸಿ ಮೂಸಿ ನೋಡಿದ. ಒಬ್ಬನ ಸಾಬಾಣ ತಗದಿಟ್ಟ. ಮಿಸ್ತ್ರಿ ತಲಿಗೆ ಹಚ್ಕೊಳ್ಳೋ ವಾಸನಿ ಎಣ್ಣಿ ಚೆಲ್ಲಿದ. ಆಮ್ಯಾಲ ನನ್ನ ಕಡೆ ಬಂದ. ನನ್ನ ಕಡೆ ಊರಿಂದ ಅವ್ವ ಕೊಟ್ಟ ಒಂದು ಹಿತ್ತಾಳಿ ಡಬ್ಬಿ ಇತ್ತು, ಅದರಾಗ ಇಂಗು. ಅದನ್ನ ತಗದು ಮೂಗಿನ ಹತ್ರ ಒಯ್ದ ನೋಡ್ರಿ, ಕೆಟ್ಟ ಹಾವು ಕಂಡಾಂಗ ಹಿಂದ ಜಿಗದ. ಸೀನಿದ. ಮತ್ತ ಸೀನಿದ. ಆಮ್ಯಾಲ ಸಾವಕಾಶ ಒಂದು ಕುಣಿ ತಗದು, ಡಬ್ಬಿ ಅದರಾಗಿಟ್ಟು, ಮಣ್ಣು ಮುಚ್ಚಿ, ಮ್ಯಾಲೊಂದು ಕಲ್ಲು ಇಟ್ಟ. ಕಲ್ಲಿಟ್ಟು ಸ್ವಲ್ಪ ಹೊತ್ತು ತಲಿ ತಗ್ಗಿಸಿ ನಿಂತ.

ನಾ ಸಿಟ್ಟಿಲೆ ಸುಬೇದಾರ್ರ ಕಡೆ ಹೋಗಿ, ಒಗ್ಗರಣಿ ಇಲ್ಲದ ಸಾರು ಅಂದ್ರ ಹೆಣಕ್ಕ ನೀರು ಹಾಕಿದಾಂಗ ಸಾಹೇಬ್ರ, ಅಂದೆ. ಅವ್ರು ಖೋಜಿ ಕಡೆ ನೋಡಿದ್ರು. ಖೋಜಿ ತನ್ನ ಮೂಗು ಮುಟ್ಟಿ, ದೂರದ ಗುಡ್ಡಾ ತೋರಿಸಿದ. ವಾಸನಿ ಅಲ್ಲಿ ತನಕಾ, ವೈರಿ ಮೂಗಿನ ತನಕಾ ಹೋಗತೈತಿ ಅಂತ.

"ಕಾಡಿನ್ಯಾಗ ಒಗ್ಗರಣಿ ಹಾಕಬಾರದು," ಅಂದ್ರು ಸುಬೇದಾರ್ರು. "ಇದು ಆರ್ಡರ್."

ತಿರಗಿ ಪೋಸ್ಟಿಗೆ ಬಂದಾಗ ನಾ ಯಾರಿಗೂ ಹೇಳಲಾರದ ಹೋಗಿ ಅಗದು ನೋಡಿದೆ. ಕುಣಿ ಖಾಲಿ. ಕಾಡುಹಂದಿ ಒಯ್ದಿರಬೇಕು ಅಂದ ಮಿಸ್ತ್ರಿ. ಪಾಪ, ಆ ಹಂದಿ ಸಂಸಾರದಾಗ ಅವತ್ತು ಎಂಥಾ ಜಗಳ ಆಗಿರಬೇಕು ಅಂತ ನಾವು ಭಾಳ ದಿನಾ ಮಾತಾಡಿದ್ವಿ.

ದಾರಿ ತಪ್ಪಿದ ಟೋಳಿ

ಧಾರವಾಡದ ಮನಷಾ ಒಗ್ಗರಣಿ ಬಿಟ್ಟು ಎಷ್ಟು ದಿನಾ ಬದುಕ್ಯಾನು? ಕುದಿಸಿದ ಬ್ಯಾಳಿ, ಉಪ್ಪು, ಅನ್ನ. ಮುಂಜಾನೆ ಅದ, ಸಂಜಿಗೂ ಅದ. ಉಣ್ಣೋವರು ನನ್ನ ಮಾರಿ ನೋಡ್ತಿದ್ದಿಲ್ಲ. ಅಡಗಿ ಮಾಡಾವಗ ಅದಕ್ಕಿಂತ ದೊಡ್ಡ ಅವಮಾನ ಇಲ್ಲರಿ.

ಒಂದು ಸಂಜಿ ಜೋರು ಮಳಿ. ನಮ್ಮದ ಇನ್ನೊಂದು ಟೋಳಿ ಕಾಡಿನ್ಯಾಗ ದಾರಿ ತಪ್ಪಿ ಎಲ್ಲೋ ಹೋಗಿತ್ತು, ಅವರನ್ನ ಹುಡುಕಾಕ ಖೋಜಿ ಒಬ್ಬನ ಹೋಗಿದ್ದ. ಮಿಸ್ತ್ರಿ ನನ್ನ ಬಾಜೂಕ ಬಂದು ಕುಂತು, ಮಳ್ಯಾಗ ವಾಸನಿ ಎಲ್ಲಿ ಹೋಗತೈತಿ, ನೆಲಕ್ಕ ಬೀಳತೈತಿ ಅಂತ ಹಚ್ಚಿ ಕೊಟ್ಟ. ನನಗೂ ಅದ ಬೇಕಾಗಿತ್ತು. ಕಿಸೆದಾಗ ಚೂರು ಸಾಸಿವಿ, ನಾಕು ಬಳ್ಳೊಳ್ಳಿ ಎಸಳು ಬಚ್ಚಿಟ್ಟಿದ್ದೆ. ಎಣ್ಣಿ ಕಾಸಿ ಬಿಟ್ಟೆ.

ಚರ್ ಅಂತು. ಬಿದಿರಿನ ಆಕಡೆ ಕುಂತಿದ್ದ ಸುಬೇದಾರ್ರು ಎದ್ದು ಬಂದ್ರು. "ಏ ಅಡಗಿಯಾಂವಾ, ಆರಸಲೇ!" ಅಂದಾವ್ರ ತಮ್ಮ ತಲಿ ಮ್ಯಾಲಿನ ಹೆಲ್ಮೆಟ್ ತಗದು ಬಾಣಲಿ ಮ್ಯಾಲ ದಬ್ಬಾಕಿದ್ರು. ಆ ಹೆಲ್ಮೆಟ್ಟು ಆಮ್ಯಾಲ ವರ್ಷಗಟ್ಲೆ ಬಳ್ಳೊಳ್ಳಿ ನಾರ್ತಿತ್ತು, ಅದು ಬ್ಯಾರೆ ಮಾತು.

ಸ್ವಲ್ಪ ಹೊತ್ತಿಗೆ ಮೆಳಿ ಅಳ್ಳಾಡಿತು. ಎಲ್ಲಾರೂ ಬಂದೂಕು ಹಿಡದು ನೆಲಕ್ಕ ಮಲಗಿದ್ವಿ. ನನ್ನ ಕೈಯಾಗ ಸೌಟು ಇತ್ತು, ಅದನ್ನ ಹಿಡದು ಮಲಗಿದೆ. ಇವತ್ತು ನನ್ನ ಸಾಸಿವಿ ಸಲುವಾಗಿ ಇಷ್ಟು ಜನಾ ಸಾಯ್ತಾರ ಅಂದ್ಕೊಂಡೆ. ಮೆಳಿ ಸರದು ಹೊರಗ ಬಂದಾವ್ರು ಯಾರಂದ್ರ, ದಾರಿ ತಪ್ಪಿದ ಆ ನಮ್ಮದ ಟೋಳಿ. ಮುಂದ ವಿಜಾಪುರದಾಂವ ಒಬ್ಬ ಮೂಗು ಮ್ಯಾಲ ಮಾಡ್ಕೊಂಡು ನಿಂತಿದ್ದ. ಕಾಡಿನ್ಯಾಗಿಂದನ ವಾಸನಿ ಹಿಡದು ತನ್ನವರಿಗೆ ಹೇಳಿದ್ನಂತ, ಗಾಬರಿ ಆಗಬ್ಯಾಡ್ರಿ, ಇದು ನಮ್ಮ ಕಡೇದ್ದ ಒಗ್ಗರಣಿ ಅಂತ.

ಕತ್ತಲಾಗೋ ಹೊತ್ತಿಗೆ ಖೋಜಿ ತೋಯಿಸ್ಕೊಂಡು ಬಂದ. ತಾ ಗುಡ್ಡಾ ಗುಡ್ಡಾ ಹುಡುಕಿದ ಜನಾ ಇಲ್ಲಿ ಕುಂತು ಉಣ್ಣಾಕತ್ತಿದ್ದು ನೋಡಿದ. ಬಾಣಲಿ ನೋಡಿದ. ನನ್ನ ನೋಡಿದ. ಮರುದಿನ ಹೊಂಡೋವಾಗ ನನ್ನ ಹೆಗಲ ಹಿಡದು ಎಲ್ಲಾರಕಿಂತ ಮುಂದ ನಿಲ್ಲಿಸಿ, ನಡೀ, ಇನ್ನ ಮ್ಯಾಲ ನೀನ ಖೋಜಿ ಅಂತ ಕೈಸನ್ನಿ ಮಾಡಿದ.

ಮೊದಲನೇ ತುತ್ತು

ಅಂವಂದೊಂದು ಪದ್ಧತಿ ಇತ್ತು. ಕಾಡಿನ್ಯಾಗ ಊಟಕ್ಕ ಕುಂತ್ರ ನಮಗ ಬೆನ್ನು ಮಾಡಿ, ಕಾಡಿನ ಕಡೆ ಮಾರಿ ಮಾಡಿ ಕುಂದರಾಂವ. ಮೊದಲನೇ ತುತ್ತು ತಾ ತಿನ್ನಾಂವ. ಅಗೀಲಾರದ ಬಾಯಾಗ ಇಟ್ಕೊಂಡು ಕಾಡು ಕೇಳಾಂವ. ಎಲ್ಲಾ ಸುಮ್ಮನೈತಿ ಅಂತ ಖಾತ್ರಿ ಆದಮ್ಯಾಲ ಕೈ ಎತ್ತಾಂವ. ಆಮ್ಯಾಲ ನಾವು ತಿನ್ನೋದು. ಸುಬೇದಾರ್ರು ಇದನ್ನೂ ಆರ್ಡರ್ ಮಾಡಿಬಿಟ್ರು. ಖೋಜಿ ಕೈ ಎತ್ತೂತನಕಾ ತಾಟಿಗೆ ಕೈ ಹಚ್ಚಂಗಿಲ್ಲ.

ಒಮ್ಮೆ ಎರಡು ಗುಡ್ಡಾ ಏರಿ ಇಳದು ಸೋತು ಸುಣ್ಣ ಆಗಿ ಕುಂತಿದ್ವಿ. ಖೋಜಿ ಬೆನ್ನು ಮಾಡಿ ಕುಂತ, ತುತ್ತು ಬಾಯಿಗಿಟ್ಟ. ಕೈ ಏಳವಲ್ದು. ನಮ್ಮ ಹೊಟ್ಟ್ಯಾಗ ಇಲಿ ಓಡಾಡಾಕತ್ತಿದ್ವು. ಅನ್ನ ಆರಿತು. ಇರಿವಿ ಬಂದು ಊಟಾ ಚಾಲೂ ಮಾಡಿದ್ವು. ಕೈ ಏಳವಲ್ದು.

"ಸಾಹೇಬ್ರ, ತಿನ್ನೋಣೇನ್ರಿ?" ಅಂತ ನಾ ಪಿಸುಗುಟ್ಟಿದೆ.

"ಸುಮ್ಮನಿರು. ಅಂವ ಕೇಳಾಕತ್ತಾನ."

ಮಿಸ್ತ್ರಿ ಬಗ್ಗಿ ನೋಡಿದ. "ಹೌದ್ರಿ ಸಾಹೇಬ್ರ," ಅಂದ. "ಗೊರಕಿ ಹೊಡಕೋತ ಕೇಳಾಕತ್ತಾನ."

ಆದ್ರೂ ಸುಬೇದಾರ್ರು ತಿನ್ನಗೊಡಲಿಲ್ಲ. ಖೋಜಿ ತಾನ ಎದ್ದು ಕೈ ಎತ್ತೂತನಕಾ ಕಾಯಿಸಿದ್ರು. ಹಂಗ ಅವ್ರು. ಒಮ್ಮೆ ಒಬ್ಬನ ಮ್ಯಾಲ ಭರೋಸಾ ಇಟ್ರ ಮುಗೀತು.

ಹಂದಿ ಬಿಚಾರಿ

ನಮ್ಮ ಬದಲಿ ಆಗಿ ಲಾರಿ ಏರೋ ದಿನಾ ಖೋಜಿ ಬಂದಿದ್ದ. ಶಾಲಿನ ಗಂಟು ಬಿಚ್ಚಿ ನನ್ನ ಕೈಯಾಗ ಒಂದು ವಸ್ತು ಇಟ್ಟ. ನೋಡಿದ್ರ ನನ್ನ ಹಿತ್ತಾಳಿ ಡಬ್ಬಿ. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬಂಗಾರ ಮಾಡಿಟ್ಟಿದ್ದ. ಒಳಗ ಇಂಗು ಇದ್ದಿಲ್ಲ, ಅವರ ಗುಡ್ಡದ ಸಣ್ಣ ಮೆಣಸಿನಕಾಯಿ ತುಂಬಿದ್ದ. ಅಂದ್ರ ಇಷ್ಟು ದಿನಾ ನಾವು ಕಳ್ಳ ಅಂತ ತಿಳದ ಹಂದಿ, ಪಾಪ ಬಿಚಾರಿ, ಏನೂ ಮಾಡಿದ್ದಿಲ್ಲ. ಮಿಸ್ತ್ರಿ ಧೈರ್ಯಾ ಮಾಡಿ ಒಂದು ಮೆಣಸಿನಕಾಯಿ ಕಡದ. ಲಾರಿ ಇಳದು ರೈಲು ಏರೂತನಕಾ ಅಂವ ಅಳಾಕತ್ತಿದ್ದ. ಖೋಜಿ ಬಿಟ್ಟ ದುಃಖ ಅದು ಅಂತ ಎಲ್ಲಾರೂ ತಿಳಕೊಂಡ್ರು. ಅದೂ ಇತ್ತು ಬಿಡ್ರಿ.

ಸುಬೇದಾರ್ರು ಅಂವನ ಎರಡೂ ಕೈ ಹಿಡದು, ನಮ್ಮ ಊರಿಗೆ ಬಾ, ನನ್ನ ಹೆಂಡತಿ ಕೈಲೆ ಒಗ್ಗರಣಿ ಹಾಕಿದ ಸಾರು ಉಣಸ್ತೇನಿ ಅಂತ ಕನ್ನಡದಾಗ ಹೇಳಿದ್ರು. ಅಂವ ತಿಳದಾಂಗ ಗೋಣು ಹಾಕಿದ. ಆಮ್ಯಾಲ ನಾವು ಹೋಗೋಣು, ಹೋಗೋಣು ಅನ್ಕೋತನ ಮೊಣಕಾಲು ಹೋದ್ವು. ಅಂವ ಇದ್ದಾನೋ ಇಲ್ಲೋ ಗೊತ್ತಿಲ್ಲ.

ಸೆಲ್ಯೂಟ್

ಇನ್ನ ಮುಂದಿಂದು ಮಾಳಮಡ್ಡಿದು, ಸುಬೇದಾರ್ರ ಮನೀದು.

ಸುಬೇದಾರ್ರಿಗೆ ಮೊದಲು ಹೆಸರು ಮರೀತು, ಆಮ್ಯಾಲ ಮಾರಿ ಮರೀತು, ಆಮ್ಯಾಲ ಮಾತು ನಿಂತು ಹೋತು. ಕಡಿಗೆ ಉಣ್ಣೋದೂ ಬಿಟ್ರು. ಗಂಟಲಿಗೆ ಏನೂ ಆಗಿಲ್ಲ, ಬಾಯಿ ತಗಿಯಂಗಿಲ್ಲ ಅಷ್ಟ. ಸೋಮವಾರದೊಳಗ ಉಣ್ಣಲಿಲ್ಲಂದ್ರ ಮೂಗಿನ್ಯಾಗ ನಳಿಗಿ ಹಾಕಬೇಕಾಗತೈತಿ ಅಂದ್ರು ಡಾಕ್ಟ್ರು. ಸುಬೇದಾರ್ರ ಹೆಂಡತಿಗೆ ನಾವು ವೈನಿ, ಅಂದ್ರ ಅತ್ತಿಗಿ, ಅಂತೇವಿ. ವೈನಿ ನನಗ ಫೋನು ಮಾಡಿ, "ಭಾವಜೀ, ಅವ್ರಿಗೆ ನಳಿಗಿ ಬ್ಯಾಡ್ರಿ. ಏನರೆ ಮಾಡ್ರಿ," ಅಂದ್ರು. ಎಂದೂ ಏನೂ ಬೇಡದ ಹೆಣಮಗಳು ಅಕಿ.

ಹೋಗಿ ನೋಡಿದ್ರ ಆ ದೊಡ್ಡ ಮನಷಾ ಹಾಸಿಗ್ಯಾಗ ಇಷ್ಟ ಇಷ್ಟ ಆಗಿದ್ರು. ಸೊಸಿ ಚಮಚಾ ಹಿಡದು ನಿಂತಿದ್ಲು. ಬಾಜೂ ಮನಿಯವರು ದೇವರ ಬೂದಿ ಅಂಗಾರ ಹಣಿಗೆ ಹಚ್ಚಿ ಹೋಗಿದ್ರು. ಬಾಯಿ ಮಾತ್ರ ಮುಚ್ಚಿದ್ದು ಮುಚ್ಚಿದ್ದ.

ಫೌಜಿನ ಮನಷಾಗ ಫೌಜಿನ ಔಷಧಾನ ಬೇಕು ಅಂದ ಮಿಸ್ತ್ರಿ. ಮಂಚದ ಮುಂದ ನಿಂತು, ಬೂಟಿಲ್ಲದ ಕಾಲಿಲೆ ನೆಲಾ ಒದ್ದು, ದೊಡ್ಡ ಸಾಹೇಬರ ಧಾಟಿಲೆ ಹಿಂದಿಯೊಳಗ ಆರ್ಡರ್ ಕೊಟ್ಟ, ಊಟಾ ಮಾಡು ಅಂತ. ಸುಬೇದಾರ್ರು ಅಂವನ್ನ ನೋಡಿದ್ರು. ಬಲಗೈ ಸಾವಕಾಶ ಮ್ಯಾಲೆತ್ತಿ ಹಣಿಗೆ ಹಚ್ಚಿ ಸೆಲ್ಯೂಟ್ ಹೊಡದ್ರು. ಬಾಯಿ ತಗೀಲಿಲ್ಲ.

"ಜನ್ಮದಾಗ ಒಮ್ಮೆ ಇವರ ಕಡಿಂದ ಸೆಲ್ಯೂಟ್ ಹೊಡಿಸ್ಕೋಬೇಕು ಅಂತ ಭಾಳ ಆಸೆ ಇತ್ತು," ಅಂದ ಮಿಸ್ತ್ರಿ. ಆಮ್ಯಾಲ ಹೊರಗ ಹೋಗಿ ತನ್ನ ಸ್ಕೂಟರ್ ಹತ್ರ ನಿಂತು ಅತ್ತ.

ಬಿಸಿ ಊಟ

ನನಗ ಬರೋದು ಒಂದ ಕೆಲಸಾ. ನಾ ಅಡಗಿ ಮನಿಗೆ ಹೋದೆ. ಬ್ಯಾಳಿ ಕುದಿಸಿದೆ, ಅನ್ನ ಮೆತ್ತಗ ಮಾಡಿದೆ. ಆ ಹಿತ್ತಾಳಿ ಡಬ್ಬಿ ಈಗೂ ನನ್ನ ಕಡೆ ಐತಿ, ಮತ್ತ ಇಂಗು ತುಂಬೇನಿ. ಎಣ್ಣಿ ಕಾದ ಮ್ಯಾಲ ಸಾಸಿವಿ, ಬಳ್ಳೊಳ್ಳಿ, ಒಂದು ಚಿಟಿಕಿ ಇಂಗು ಬಿಟ್ಟೆ. ವಾಸನಿ ಮನಿ ತುಂಬ ಎದ್ದಿತು.

"ಏ ಅಡಗಿಯಾಂವಾ, ಆರಸಲೇ!"

ಒಳಗಿನ ಖೋಲಿಯಿಂದ. ಅದ ಧ್ವನಿ, ಕಾಡಿನ್ಯಾಗಿನ ಧ್ವನಿ. ನನ್ನ ಕೈಯಾಗಿನ ಸೌಟು ಬಿತ್ತು. ವೈನಿ ಓಡಿದ್ರು, ನಾವೂ ಓಡಿದ್ವಿ. ಸುಬೇದಾರ್ರು ಎದ್ದು ಕುಂತಿದ್ರು. ಕಣ್ಣು ಕಿಡಕಿ ಹೊರಗ, ವೈರಿ ಬರ್ತಾನೇನೋ ಅಂತ ನೋಡಾಕತ್ತಿದ್ರು. ವೈನಿ ಮುಂದ ಬಗ್ಗಿ, ನಾ ಯಾರು ಹೇಳ್ರಿ, ಅಂತ ಕೇಳಿದ್ರು. ಅವ್ರು ಬಾಯಿ ಮ್ಯಾಲ ಬೆರಳಿಟ್ಟು ಸುಮ್ಮನಿರು ಅಂತ ಕೈಸನ್ನಿ ಮಾಡಿದ್ರು.

ತಾಟು ಒಯ್ದೆ. ಮತ್ತ ಬಾಯಿ ಮುಚ್ಚಿದ್ರು. ಆದ್ರ ತಾಟಿನ ಕಡೆ ನೋಡ್ತಾರ, ಬಾಗಲಾ ಕಡೆ ನೋಡ್ತಾರ, ಮತ್ತ ತಾಟಿನ ಕಡೆ. ಯಾರಿಗೋ ಕಾಯಾಕತ್ತಾರ.

ಮಿಸ್ತ್ರಿ ನನ್ನ ತೋಳು ಹಿಡದ. "ಲೇ, ಇವ್ರಿಗೆ ಹಸಿವ್ಯಾಗಿಲ್ಲಂತಲ್ಲ. ಖೋಜಿ ಇನ್ನೂ ಕೈ ಎತ್ತಿಲ್ಲ."

ನಾ ಲಗೂನ ಹೊಸ್ತಿಲದಾಗ ಬೆನ್ನು ಮಾಡಿ ಕುಂತು ಒಂದು ತುತ್ತು ತಿಂದು ಕೈ ಎತ್ತಿದೆ. ಅವ್ರು ನನ್ನ ಬೆನ್ನು ನೋಡಿ ಮಾರಿ ತಿರವಿದ್ರು. ಈ ಎಮ್ಮಿ ಬೆನ್ನು ಖೋಜಿದು ಅಂತ ಯಾರು ನಂಬ್ಯಾರು ಅಂದ ಮಿಸ್ತ್ರಿ. ಅಂವಂತೂ ನೆಲದ ಮ್ಯಾಲ ಕುಂತ್ರ ಎಬಸಾಕ ಇಬ್ಬರು ಬೇಕು. ಆಗ ನಮ್ಮಿಬ್ಬರ ಕಣ್ಣೂ ವೈನಿ ಮ್ಯಾಲ ಬಿತ್ತು. ಸಣ್ಣ ಆಳು. ಹೆಗಲ ತುಂಬ ಹೊದ್ದಿದ್ದ ಕೆಂಪು ಸೆರಗು.

ವೈನಿ ಖಡಾಖಡಿ ಒಲ್ಲೆ ಅಂದ್ರು. ಮದಿವ್ಯಾಗಿ ಐವತ್ತು ವರ್ಷ ಆತು, ಅವ್ರು ಉಣ್ಣೋಕಿಂತ ಮೊದಲು ಅಕಿ ಒಂದು ತುತ್ತೂ ಬಾಯಿಗಿಟ್ಟಾಕಿ ಅಲ್ಲ. ಅವ್ರು ಗಡಿ ಮ್ಯಾಲಿದ್ದಾಗ ಸುದ್ದಾ, ಅವರ ಹೆಸರಿಲೆ ಒಂದು ತುತ್ತು ತಗದಿಟ್ಟು ಉಂಡಾಕಿ. ಈಗ ಅವ್ರು ಉಪಾಸ ಇದ್ದಾಗ ಅವರ ಮುಂದ ಹೆಂಗ ತಿನ್ನಲಿ ಅಂತ ಅಳಾಕತ್ತಿದ್ರು. ನೀವು ತಿಂದ್ರ ಅವ್ರು ತಿಂತಾರ ವೈನಿ, ಇಲ್ಲಾಂದ್ರ ನಳಿಗಿ, ಅಂದೆ.

ಕಡಿಗೆ ಕುಂತ್ರು. ಗಂಡಗ ಬೆನ್ನು ಮಾಡಿ, ಹೊಸ್ತಿಲದಾಗ. ಒಂದು ತುತ್ತು ಬಾಯಿಗಿಟ್ರು. ಕೈ ಎತ್ತಿದ್ರು.

ಹಿಂದ ಸುಬೇದಾರ್ರು ಬಾಯಿ ತಗದ್ರು. ತಾಟು ಖಾಲಿ ಮಾಡಿದ್ರು.

ಅವತ್ತಿನಿಂದ ಮೂರೂ ಹೊತ್ತು ಹಂಗ ನಡೀತು. ವೈನಿ ಮೊದಲು, ಆಮ್ಯಾಲ ಅವ್ರು. ನಳಿಗಿ ಬರಲಿಲ್ಲ. ಒಂದಿನಾ ನಾ ಹೋದಾಗ ವೈನಿ ನಕ್ಕೋತ, ಕಣ್ಣು ಒರಸ್ಕೋತ ಹೇಳಿದ್ರು, "ಐವತ್ತು ವರ್ಷದಾಗ ಈಗ ಬಿಸಿ ಊಟಾ ಮಾಡಾಕತ್ತೇನಿ ನೋಡ್ರಿ, ಭಾವಜೀ."

ಸೂತಕದ ಸಾರು

ಮಾಗಿ ಚಳಿ ಸುರು ಆಗೋ ಹೊತ್ತಿಗೆ ಸುಬೇದಾರ್ರು ಹೋದ್ರು. ನಿದ್ದ್ಯಾಗ, ಹೊಟ್ಟಿ ತುಂಬಿದ್ದಾಗ.

ವೈನಿಗೆ ಒಂದ ಮಾತು ಕೊರಿತಿತ್ತು. ಅವತ್ತು ಒಲಿ ಆರಸಲೇ ಅಂದ ಮ್ಯಾಲ ಸುಬೇದಾರ್ರು ಮತ್ತ ಬಾಯಿ ಬಿಟ್ಟು ಮಾತಾಡಿದ್ದಿಲ್ಲ. "ಇಷ್ಟು ವರ್ಷ ಸಂಸಾರ ಮಾಡಿದಾಕಿ ನಾನು," ಅಂದ್ರು ನನ್ನ ಮುಂದ. "ಕಡೀ ಮಾತು ನಿಮಗ ಹೇಳಿ ಹೋದ್ರು." ಆ ಮಾತು ನನಗ ಯಾಕ ಬೇಕಾಗಿತ್ತರಿ? ಅದು ಅಕಿದು.

ಹದಿಮೂರು ದಿನಾ ಮುಗಿಯೂತನಕಾ ಸೂತಕದ ಮನ್ಯಾಗ ಒಗ್ಗರಣಿ ಹಾಕಂಗಿಲ್ಲ. ಅದು ಪದ್ಧತಿ. ನಾವು ಹೋದಾಗ ಕುದಿಸಿದ ಬ್ಯಾಳಿ, ಉಪ್ಪು, ಅನ್ನ ಬಡಿಸಿದ್ರು. ಮಿಸ್ತ್ರಿ ತಾಟು ನೋಡಿದ, ನನ್ನ ನೋಡಿದ, ಹಾರ ಹಾಕಿದ ಫೋಟೋ ನೋಡಿದ. "ಸಾಹೇಬ್ರು ಮತ್ತ ನಮ್ಮನ್ನ ಕಾಡಿಗೆ ಹೊಂಡಿಸಿದ್ರು ನೋಡು," ಅಂದ. ನನಗ ನಗು ತಡೀಲಿಲ್ಲ. ನಕ್ಕು ಅಳು ಬಂತು, ಅತ್ತು ನಗು ಬಂತು. ಬೀಗರು ನಮ್ಮನ್ನ ಹುಚ್ಚರು ಅಂದ್ಕೊಂಡಿರಬೇಕು.

ಹದಿಮೂರನೇ ದಿನಾ ಎಲ್ಲಾ ಮುಗೀತು. ವೈನಿ ನನ್ನ ಒಳಗ ಕರದು, ಇವತ್ತಿನಿಂದ ಒಗ್ಗರಣಿ ಹಾಕಬಹುದು ಭಾವಜೀ, ಮೊದಲನೇದು ನೀವ ಹಾಕ್ರಿ ಅಂದ್ರು. ನಾ ಡಬ್ಬಿ ತಗದೆ. ಎಣ್ಣಿ ಕಾಸಿದೆ. ಸಾಸಿವಿ ಸಿಡಿದ್ವು, ಬಳ್ಳೊಳ್ಳಿ ಕೆಂಪಾತು, ಇಂಗು ಬಿತ್ತು. ವಾಸನಿ ಎದ್ದಿತು. ನಾನೂ ಮಿಸ್ತ್ರಿನೂ ಒಳಗಿನ ಖೋಲಿ ಕಡೆ ನೋಡಿದ್ವಿ. ಮಂಚದ ಮ್ಯಾಲ ಹಾಸಿಗಿ ಸುತ್ತಿಟ್ಟಿದ್ರು.

"ಏ ಅಡಗಿಯಾಂವಾ, ಆರಸಲೇ!"

ತಿರಗಿ ನೋಡಿದ್ರ ವೈನಿ. ಸೆರಗು ಸೊಂಟಕ್ಕ ಸಿಗಿಸಿ, ಎರಡೂ ಕೈ ಟೊಂಕದ ಮ್ಯಾಲಿಟ್ಟು, ಥೇಟ್ ಅವರಾಂಗ ನಿಂತಿದ್ರು. ಇಷ್ಟು ವರ್ಷ ರೀ ಹಚ್ಚಲಾರದ ನನ್ನ ಕೂಡ ಮಾತಾಡಿದ ಹೆಣಮಗಳಲ್ಲ ಅಕಿ. ನಾ ಹಿಮ್ಮಡ ಕೂಡಿಸಿ ನೆಟ್ಟಗ ನಿಂತು, "ಜೀ ಸಾಹೇಬ್," ಅಂದು ಗ್ಯಾಸು ಆರಿಸಿದೆ. ಮಿಸ್ತ್ರಿ ಬಾಗಲಾ ಹಿಡಕೊಂಡು ಬಿದ್ದು ಬಿದ್ದು ನಕ್ಕ. ವೈನಿನೂ ನಕ್ಕರು, ಸೊಸಿನೂ ನಕ್ಕಳು. ಕಡೀ ಮಾತು ಅಕಿ ತಗೊಂಡ್ಲು. ಛಲೋ ಆತು ಅನಿಸ್ತು ನನಗ.

ಆಮ್ಯಾಲ ತಾಟು ಹಚ್ಚಿದ್ರು. ವೈನಿ ತಮ್ಮ ತಾಟು ತಗೊಂಡು ಹೋಗಿ ಅದ ಹೊಸ್ತಿಲದಾಗ ನಮಗ ಬೆನ್ನು ಮಾಡಿ ಕುಂತ್ರು. ಮಾರಿ ಆ ಖಾಲಿ ಮಂಚದ ಕಡೆ. ಮೊದಲನೇ ತುತ್ತು ಬಾಯಿಗಿಟ್ರು. ನಾವು ತಾಟಿನ ಮುಂದ ಕೈ ಕಟ್ಕೊಂಡು ಕುಂತ್ವಿ. ಕೈ ಏಳವಲ್ದು. ಸಾರಿನ ಹೊಗಿ ಕಡಿಮಿ ಆತು. ಕೈ ಏಳವಲ್ದು.

ಮಿಸ್ತ್ರಿ ನನ್ನ ಕಿವ್ಯಾಗ ಕೇಳಿದ, ತಿನ್ನೋಣೇನು ಅಂತ.

"ಸುಮ್ಮನಿರು," ಅಂದೆ. "ಅಕಿ ಕೇಳಾಕತ್ತಾಳ."